ಅತ್ತೆಯ ಕೋಣೆಗೆ ಕಟ್ಟಿದ ಲಾವಂಚದ ತಟ್ಟಿ

ಬಾದಾಮಿಯಿಂದ ಇಳಕಲ್ಲಿಗೆ ನಾನು ಸೊಸೆಯಾಗಿ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ಮನೆಯಲ್ಲಿ ನಾವು ಮೂವರೇ. ನನ್ನ ಗಂಡ ಸಾಲೆಯಲ್ಲಿ ಮಾಸ್ತರರು. ಅತ್ತೆ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಪ್ರಾಯವನ್ನೆಲ್ಲ ಕುಣಿಮಗ್ಗದ ಮುಂದೆ ಸವೆಸಿ, ಒಬ್ಬನೇ ಮಗನನ್ನು ಓದಿಸಿದವರು. ಮಗ್ಗ ಬಿಟ್ಟ ಮೇಲೂ ಅರಳೆಯ ಧೂಳು ಅವರ ಎದೆ ಬಿಟ್ಟಿರಲಿಲ್ಲ. ಚಳಿಗಾಲದಲ್ಲಿ ದಮ್ಮು ಏಳುತ್ತಿತ್ತು. ಕಷಾಯ ಕುಡಿದು ಬಿಸಿಲಿಗೆ ಬೆನ್ನು ಕೊಟ್ಟು ಕುಳಿತರೆ ಇಳಿಯುತ್ತಿತ್ತು.

ಬೇಸಿಗೆಯಲ್ಲಿ ಅವರಿಗೆ ದಮ್ಮಿನ ಕಾಟ ಕಡಿಮೆ, ಸೆಕೆಯ ಕಾಟ ಹೆಚ್ಚು. ಊರೆಲ್ಲ ಮಾಳಿಗೆಯ ಮೇಲೆ ಮಲಗುತ್ತಿತ್ತು. ಮೊಣಕಾಲು ನೋವಿನಿಂದ ಅವರಿಗೆ ನಿಚ್ಚಣಿಕೆ ಹತ್ತಲಾಗುತ್ತಿರಲಿಲ್ಲ. ಪಡುವಣ ಬಿಸಿಲಿಗೆ ಕಾದ ಕೋಣೆಯಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬಿದ್ದಿರುತ್ತಿದ್ದರು.

ಒಂದು ಸಲ ನನ್ನ ಗಂಡ ಬಾಗಲಕೋಟೆಗೆ ಹೋದಾಗ ಯಾರೋ ಸಾಹೇಬರ ಮನೆಯಲ್ಲಿ ಕಿಟಕಿಗೆ ಲಾವಂಚದ ಬೇರಿನ ತಟ್ಟಿ ಕಟ್ಟಿ ನೀರು ಚಿಮುಕಿಸುವುದನ್ನು ಕಂಡು ಬಂದರು. ಅಂಥದ್ದೇ ಒಂದನ್ನು ಹೆಣೆಸಿ ಬಸ್ಸಿನ ಮೇಲೆ ಹಾಕಿಸಿಕೊಂಡು ತಂದು ಅತ್ತೆಯ ಕೋಣೆಯ ಒಂದೇ ಕಿಟಕಿಗೆ ಕಟ್ಟಿದರು. ಬಿಸಿಗಾಳಿ ನುಸುಳದ ಹಾಗೆ ಮಾಳಿಗೆಯ ಬೆಳಕಿಂಡಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರು. ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟರು. ತಟ್ಟಿಗೆ ನೀರು ಹೊಡೆಯುತ್ತಲೇ ಕೋಣೆ ತಂಪಾಯಿತು, ಹಸಿ ಬೇರಿನ ವಾಸನೆ ಪಡಸಾಲೆಯವರೆಗೂ ಬಂತು. ಅತ್ತೆ ಆ ಮಧ್ಯಾಹ್ನ ಕೂಸಿನಂತೆ ನಿದ್ದೆ ಮಾಡಿದರು.

ಓಣಿಯ ಹೆಂಗಸರು ಬಂದು ನೋಡಿದರು. ಅತ್ತೆ ಎಲ್ಲರಿಗೂ ಹೇಳಿದ್ದು ಒಂದೇ ಮಾತು. "ನನ್ನ ಮಗಾ ತಂದಾನ. ಸಾಹೇಬರ ಮನ್ಯಾಗ ಇರೂದಂತ."

ಬಾವಿಯಿಂದ ನೀರು ಸೇದಿ ತಟ್ಟಿ ತೋಯಿಸುವ ಕೆಲಸ ನನ್ನದು. ಸಾಲೆಗೆ ಸೂಟಿ ಬಿದ್ದ ಮೇಲೆ ನನ್ನ ಗಂಡನೇ ಕೊಡ ಹಿಡಿದರು. ತಾಯಿಗಾಗಿ ಮಾಡುವ ಆ ಕೆಲಸದಲ್ಲಿ ಅವರ ಮುಖ ಅರಳುತ್ತಿತ್ತು.

ಕೆಲವು ವಾರ ಕಳೆದ ಮೇಲೆ ಅತ್ತೆಗೆ ಬೆಳಗಿನ ಜಾವ ಕೆಮ್ಮು ಶುರುವಾಯಿತು. ಬೇಸಿಗೆಯಲ್ಲಿ ಎಂದೂ ಬಾರದ ದಮ್ಮು ಬಂತು. ಗೋಡೆಗೆ ಒರಗಿ ಕುಳಿತು, ಹೆಗಲು ಮೇಲೆತ್ತಿ ಉಸಿರು ಎಳೆಯುತ್ತಿದ್ದರು. ಹೊರಗೆ ಅಂಗಳಕ್ಕೆ ಕರೆತಂದು ಕೂರಿಸಿದರೆ ತುಸು ಹಗುರಾಗುತ್ತಿತ್ತು.

"ಅತ್ತಿ, ಇಲ್ಲೇ ಅಂಗಳದಾಗ ಹಾಸಿಗಿ ಹಾಕ್ತೇನಿ," ಎಂದೆ.

"ಬ್ಯಾಡವ್ವಾ. ಅಂವಗ ಕೆಟ್ಟ ಅನಿಸ್ತೈತಿ," ಎಂದು ಮತ್ತೆ ಒಳಗೆ ಹೋದರು.

ನನ್ನ ಗಂಡ ಇದೆಲ್ಲ ಬಿಸಿಲಿನ ಝಳದಿಂದಲೇ ಎಂದು ತಿಳಿದು ಇನ್ನಷ್ಟು ನೀರು ಹೊಡೆದರು. ಕಿಟಕಿಯ ಸಂದುಗಳಿಗೂ ಅರಿವೆ ತುರುಕಿದರು. ಕೆಮ್ಮು ಏರಿತೇ ಹೊರತು ಇಳಿಯಲಿಲ್ಲ. ಕಡೆಗೆ ಹುನಗುಂದದ ದವಾಖಾನೆಯಿಂದ ಡಾಕ್ಟರನ್ನು ಕರೆಸಿದರು. ವಯಸ್ಸಾದ, ಮೆಲ್ಲಗೆ ಮಾತನಾಡುವ ಮನುಷ್ಯ. ಕೋಣೆಯೊಳಗೆ ಕಾಲಿಟ್ಟವರು ಅತ್ತೆಯ ನಾಡಿ ಹಿಡಿಯುವ ಮೊದಲು ಮೂಗಿನಿಂದ ಗಾಳಿ ಎಳೆದು ನೋಡಿದರು. ಆಮೇಲೆ ತಟ್ಟಿಯನ್ನು ಒಂದು ಬದಿಯಿಂದ ಎತ್ತಿದರು. ಕಿಟಕಿಯ ಸುತ್ತಲ ಗೋಡೆಯ ತುಂಬ ಕಪ್ಪು ಬೂಷ್ಟು ಹಬ್ಬಿತ್ತು. ಬೇರುಗಳ ಒಳಗೂ ಬೂದಿಯಂಥ ಪುಡಿ.

"ಮಾಸ್ತರ, ಈ ಕ್ವಾಣ್ಯಾಗ ಗಾಳಿ ಎಲ್ಲಿಂದ ಬರ್ತೈತ್ರಿ?"

"ತಟ್ಟಿಯಿಂದರಿ."

"ಬರೂ ಗಾಳಿ ಬೂಷ್ಟು ಹೊತಗೊಂಡು ಬರ್ತೈತಿ. ಹೋಗಾಕ ಮತ್ತ ದಾರಿನ ಇಟ್ಟಿಲ್ಲ ನೀವು. ಮೊದಲ ಹಾಳಾದ ಎದಿ ಅವರದು. ಅವರು ಬಿಟ್ಟ ಉಸುರ ತಿರಗಿ ಅವರಿಗೆ ಬರಾಕತ್ತೈತಿ. ಇದನ್ನ ತಗೀರಿ. ಬೆಳಕಿಂಡಿ ಬಿಚ್ಚರಿ."

ನನ್ನ ಗಂಡ ಕೂಡಲೇ ತಟ್ಟಿಗೆ ಕೈ ಹಾಕಿದರು. ನೀರು ಕುಡಿದು ಬಿಗಿದಿದ್ದ ಹಗ್ಗದ ಗಂಟು ಬಿಚ್ಚಲಿಲ್ಲ. ನಾನೇ ಕುಡುಗೋಲು ತಂದು ಕೊಯ್ದೆ. ಅತ್ತೆ ಹಾಸಿಗೆಯಿಂದಲೇ, "ಇರಲಿ ಬಿಡ್ರಿ, ಭಾಳ ತಂಪ ಐತಿ," ಎಂದರು. ಅಷ್ಟು ಮಾತು ಮುಗಿಸಲು ಅವರು ಎರಡು ಸಲ ನಿಲ್ಲಬೇಕಾಯಿತು.

ಗೋಡೆಗೆ ಸುಣ್ಣ ಬಳಿದೆವು. ಹಾಸಿಗೆ ಪಡಸಾಲೆಗೆ ಬಂತು. ಕೆಲದಿನ ಕೆಮ್ಮು ಇಳಿದು, ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ ತಿನ್ನುವಷ್ಟಾದರು. ಆದರೆ ಮಳೆ ಹಿಡಿದು ಮಾಳಿಗೆ ತೇವವಾದಾಗ ದಮ್ಮು ಮತ್ತೆ ಬಂತು, ಈ ಸಲ ಇಳಿಯಲೇ ಇಲ್ಲ. ಒಂದು ಸಂಜೆ ಮಗನ ಎದೆಗೆ ಒರಗಿಕೊಂಡೇ ಹೋದರು.

ಮಣ್ಣು ಮಾಡಿ ಬಂದ ಮರುದಿನ ನನ್ನ ಗಂಡ ಒಲೆಯ ಹತ್ತಿರ ಬಂದು ಕುಳಿತರು. "ಅಷ್ಟ ತ್ರಾಸ ಆಗೂಮುಂದ ಅವ್ವ ನನಗ ಯಾಕ ಹೇಳಲಿಲ್ಲ?"

"ಅದು ನೀವು ತಂದದ್ದು, ಅದಕ್ಕರಿ," ಎಂದೆ. ಸಮಾಧಾನವಾಗಲೆಂದು ಹೇಳಿದ ಮಾತು ಅವರನ್ನು ಇನ್ನಷ್ಟು ಇರಿಯಿತು. ಮಳೆ ತಡವಾಗಿದ್ದರೆ, ತಟ್ಟಿ ಇರದಿದ್ದರೆ ಎಂದು ಮುಂದೆ ಎಷ್ಟೋ ದಿನ ತಮ್ಮಷ್ಟಕ್ಕೆ ಲೆಕ್ಕ ಹಾಕುತ್ತಿದ್ದರು. ಎದೆ ಮೊದಲೇ ಸವೆದಿತ್ತು ಎಂದು ಡಾಕ್ಟರು ಹೇಳಿದ್ದನ್ನು ಅವರು ಕೊನೆಗೂ ನಂಬಲಿಲ್ಲ.

ಮಳೆ ನಿಂತ ಮೇಲೆ ಒಬ್ಬ ಗೌಂಡಿಯನ್ನು ಕರೆತಂದು ಆ ಕೋಣೆಯ ಇನ್ನೊಂದು ಗೋಡೆ ಒಡೆಸಿ ದೊಡ್ಡ ಕಿಟಕಿ ಇಡಿಸಿದರು. "ಈಗ ಇಲ್ಲಿ ಮಲಗೂವರು ಯಾರದಾರ್ರಿ ಮಾಸ್ತರ?" ಎಂದು ಗೌಂಡಿ ಕೇಳಿದ. ನನ್ನ ಗಂಡ ಒಡೆದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಹಿತ್ತಲಿಗೆ ಹಾಕುತ್ತಿದ್ದರು.