ಯಾರ ಪೈಕಿಯೂ ಅಲ್ಲದ ಡಿಎನ್‌ಎ

ಬನಹಟ್ಟಿಯ ನಮ್ಮ ಓಣಿಯಲ್ಲಿ ಡಿಎನ್‌ಎ ಎಂದರೆ ಒಂದೇ ಅರ್ಥ: ಕೂಸು ಯಾರದು ಎಂದು ಟೀವಿಯಲ್ಲಿ ನಡೆಯುವ ಜಗಳ. ನಾನು ಪಿಎಚ್‌ಡಿಗೆ ಆರಿಸಿಕೊಂಡದ್ದೂ ಅದನ್ನೇ. ಆದರೆ ನನ್ನದು ನೀರಿನಲ್ಲಿ ಸೀಸ ಇದೆಯೋ ಇಲ್ಲವೋ ಎಂದು ಡಿಎನ್‌ಎ ಬಳಸಿ ಪತ್ತೆ ಹಚ್ಚುವ ಕೆಲಸ. ನೂಲಿಗೆ ಬಣ್ಣ ಹಾಕಿದ ನೀರು ಹರಿಯುವ ಗಟಾರದ ಪಕ್ಕದ ಬೋರ್‌ವೆಲ್ ನೀರು ಕುಡಿದು ಬೆಳೆದವಳು ನಾನು. ಅದರಲ್ಲಿ ಏನಿದೆ ಎಂದು ತಿಳಿಯಲೇಬೇಕೆಂಬ ಹಟ ನನಗಿತ್ತು.

ದೊಡ್ಡಪ್ಪ ಮುಧೋಳದಿಂದ ವರನ ಕಡೆಯವರನ್ನು ಕರೆತಂದ ದಿನ ಅಡುಗೆಮನೆಗೇ ಬಂದು ತಾಕೀತು ಮಾಡಿದ.

“ಡಿಎನ್‌ಎ ಅಂತ ಬಾಯಿ ಬಿಡಬ್ಯಾಡವಾ. ಕೆಮಿಸ್ಟ್ರಿ ಅಂದುಬಿಡು. ಮಂದಿ ಏನರ ತಿಳಕೋತಾರ.”

ನನಗೆ ಮೈಯೆಲ್ಲ ಉರಿಯಿತು. ಕದ್ದ ಮಾಲಿನಂತೆ ನನ್ನ ಕೆಲಸವನ್ನು ನಾನೇಕೆ ಮುಚ್ಚಿಡಬೇಕು? ಅವಲಕ್ಕಿ ತಟ್ಟೆ ಇಟ್ಟು ಕುಳಿತೆ. ಹುಡುಗನ ತಾಯಿ ಏನು ಓದುತ್ತೀ ಎಂದು ಕೇಳಿದ್ದೇ ತಡ, ಡಿಎನ್‌ಎ ಎಂದೆ. ದೊಡ್ಡಪ್ಪ ಕೆಮ್ಮಿದ.

ಆಕೆ ಚಹಾದ ಕಪ್ಪು ಕೆಳಗಿಟ್ಟರು. “ಯಾರ ಪೈಕಿದು ಅದು?”

ಕನ್ಯೆ ನೋಡಲು ಬಂದವರು ಮೊದಲು ಕೇಳುವುದೇ ಯಾರ ಪೈಕಿ, ಯಾವ ಮನೆತನ ಎಂದು. ಡಿಎನ್‌ಎಗೂ ಒಂದು ಮನೆತನ ಇರಲೇಬೇಕಲ್ಲ.

“ಯಾರ ಪೈಕೀನೂ ಅಲ್ಲರೀ. ಕಂಪನಿಗೆ ಹೇಳಿ ನಮಗ ಬೇಕಾದಂಗ ಮಾಡಿಸಿ ತರಸ್ತೇವಿ,” ಎಂದೆ.

ತಂದೆ-ತಾಯಿ ಇಲ್ಲದ ಡಿಎನ್‌ಎ ಆಕೆಗೆ ರುಚಿಸಲಿಲ್ಲ. ನಾನೂ ಬಿಡಲಿಲ್ಲ. ಅಪ್ಪ ಮಗ್ಗದ ಮೇಲೆ ಸೀರೆಯ ಒಡಲನ್ನೂ ಸೆರಗನ್ನೂ ಕೂಡಿಸಲು ಎಳೆಗಳನ್ನು ಮಡಚಿ ಕೊಂಡಿ ಹಾಕುತ್ತಾನಲ್ಲ, ನಾವು ಡಿಎನ್‌ಎ ಎಳೆಯನ್ನೂ ಹಾಗೇ ಮಡಚಿ ಕೊಂಡಿ ಮಾಡುತ್ತೇವೆ. ಸೀಸ ಬಂದು ಹಿಡಿದರೆ ಕೊಂಡಿ ಬಿಚ್ಚಿಕೊಳ್ಳುತ್ತದೆ, ತುದಿಗೆ ಹಚ್ಚಿದ ಬಣ್ಣ ಬೆಳಗುತ್ತದೆ ಎಂದು ವಿವರಿಸಿದೆ. ಹುಡುಗ ತಲೆ ಎತ್ತಿ ಕೇಳಿಸಿಕೊಂಡ. ತಾಯಿ ದೊಡ್ಡಪ್ಪನ ಕಡೆ ತಿರುಗಿದರು.

“ಹುಡುಗಿ ಛಲೋ ಅದಾಳ್ರಿ. ಲಗ್ನ ಆದಮ್ಯಾಲ ಅದನ್ನ ಬಿಟ್ರಾತು. ಬ್ಯಾರೆ ನೌಕರಿ ಮಾಡ್ಲಿ.”

ದೊಡ್ಡಪ್ಪ ಆಗಲೇ ತಲೆಯಾಡಿಸುತ್ತಿದ್ದ.

“ಬಿಡಂಗಿಲ್ಲರಿ,” ಎಂದೆ. ದೊಡ್ಡಪ್ಪನಿಗೂ ಕೇಳಲೆಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.

ಅವರು ಎದ್ದು ಹೋದ ಮೇಲೆ ದೊಡ್ಡಪ್ಪ ಮನೆಯ ಮರ್ಯಾದೆ ಹೋಯಿತೆಂದು ಕೂಗಾಡಿದ. ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ ಅಪ್ಪ ಮಗ್ಗದ ಕಡೆ ಹೊರಟವನು ನಿಂತ.

“ಬಿಚ್ಚಿದ ಕೊಂಡಿ ಮತ್ತ ಕೂಡತೈತೇನವಾ?”

“ಸೀಸ ತಗದ್ರ ಕೂಡತೈತಪಾ.”

“ಹಂಗಾರ ನಮ್ಮ ಬೋರಿನ ನೀರು ಒಂದ ಬಾಟ್ಲಿ ಒಯ್ಯಿ.”

ಒಯ್ದೆ. ಲ್ಯಾಬಿನಲ್ಲಿ ಆ ನೀರು ಬೆಳಗಿತು; ಸೀಸ ಇತ್ತು. ಅಂದಿನಿಂದ ಅಪ್ಪ ಅದನ್ನು ಕುಡಿಯುವುದು ಬಿಡಿಸಿ ಬಟ್ಟೆ ಒಗೆಯಲಷ್ಟೇ ಇಟ್ಟ, ಓಣಿಯವರಿಗೂ ಹೇಳಿದ. ಎಲ್ಲರೂ ನಂಬಲಿಲ್ಲ.

ಮದುವೆ ಮನೆಗಳಲ್ಲಿ ಹೆಂಗಸರು ಇವತ್ತಿಗೂ ಯಾರ ಪೈಕಿ ನೀನು ಎಂದು ಕೇಳುತ್ತಾರೆ. ಅಪ್ಪನ ಹೆಸರು ಹೇಳುತ್ತೇನೆ. ಏನು ಮಾಡ್ತೀ ಎಂದರೆ ಡಿಎನ್‌ಎ ಎನ್ನುತ್ತೇನೆ, ಆಚೆ ಪಂಕ್ತಿಯಲ್ಲಿ ಉಣ್ಣುತ್ತಿರುವ ದೊಡ್ಡಪ್ಪನಿಗೂ ಕೇಳುವಷ್ಟು ಗಟ್ಟಿಯಾಗಿ.