ಅಕ್ಕ ಬಿಟ್ಟುಹೋದ ಕ್ಯಾಸೆಟ್ಟು

ಈಗೀಗ ನನಗ ಹಾಡು ಕೇಳಾಕನ ಬ್ಯಾಸರ. ದಿನಾ ಹತ್ತು ತಾಸು ಜೀನ್ಸ್ ಯೂನಿಟ್ಟಿನ್ಯಾಗ ನಿಂತು, ಹೊಲಿದು ಬಂದ ಪ್ಯಾಂಟು ತಿರುವಿ ತಿರುವಿ ನೋಡಿ, ಉಳಿದ ದಾರ ಕತ್ತರಿಸಿ ಮನಿಗೆ ಬರೂದ್ರಾಗ ಕಾಲು ಕಟಗಿ ಆಗಿರತಾವು. ಕೈಗೆ ಹತ್ತಿದ ನೀಲಿ ಬಣ್ಣ ಸೋಪಿಗೂ ಹೋಗಂಗಿಲ್ಲ. ಬಳ್ಳಾರಿ ಗಾಂಧಿನಗರದ ಎರಡು ಖೋಲಿ ಮನ್ಯಾಗ ಕುಕ್ಕರ್ ಸೀಟಿ ಹೊಡಿತಿರತೈತಿ, ಟೀವಿ ಒದರತಿರತೈತಿ, ಗಂಡನ ಫೋನು ಒಂದು ಕಡಿ, ಮಗಳ ಫೋನು ಇನ್ನೊಂದು ಕಡಿ. ಇದರಾಗ ಮತ್ತೊಂದು ಸದ್ದು ಯಾರಿಗೆ ಬೇಕು?

ಮೊನ್ನೆ ಮಗಳು, ಅವ್ವಾ ನಿನಗ ಬೇಕಾದ ಹಾಡು ಹೇಳು, ಇದರಾಗ ಇಲ್ಲದ ಹಾಡ ಇಲ್ಲ ಅಂತ ಫೋನು ಮುಂದ ಹಿಡಿದ್ಲು. ಒಂದು ಹಾಡು ಹೇಳಿದೆ. ಹುಡುಕಿದ್ಲು, ಹುಡುಕಿದ್ಲು, ಸಿಗಲಿಲ್ಲ. ಅಂಥಾ ಹಾಡ ಇಲ್ಲ ಬಿಡು, ನೀನು ಕನಸಿನ್ಯಾಗ ಕೇಳಿರಬೇಕು ಅಂದ್ಲು. ಸಿಟ್ಟು ಬಂತು. ನನ್ನ ಬೀರುವಿನ್ಯಾಗ, ಹಳೆ ಸೀರಿ ಕೆಳಗ ಆ ಕ್ಯಾಸೆಟ್ಟು ಇನ್ನೂ ಐತಿ. ಅದನ್ನ ಹಚ್ಚಾಕ ಮನ್ಯಾಗ ಏನೂ ಇಲ್ಲ, ಅಷ್ಟ.

ಅದನ್ನ ಮೊದಲನೇ ಸಲ ಕೇಳಿದಾಗ ನಾನು ಕುರುಗೋಡಿನ್ಯಾಗ ಹತ್ತನೇ ಕ್ಲಾಸು. ನಮ್ಮ ಮನಿ ಗುಡ್ಡದ ಬುಡಕ್ಕ. ಬ್ಯಾಸಿಗ್ಯಾಗ ಕಲ್ಲು ಕಾದು ಸಂಜಿಮಟ ಗ್ವಾಡಿ ಮುಟ್ಟಾಕ ಆಗತಿದ್ದಿಲ್ಲ. ಅಂಥಾ ಒಂದು ಮಧ್ಯಾಹ್ನ ಅಕ್ಕ ಬಂದ್ಲು, ಒಬ್ಬಾಕಿನ. ಆಕಿನ್ನ ಸಿರುಗುಪ್ಪಕ್ಕ ಕೊಟ್ಟು ಎರಡು ವರ್ಷ ಆಗಿತ್ತು. ಭಾವಗ ಅಲ್ಲಿ ಅಕ್ಕಿ ಗಿರಣ್ಯಾಗ ಕೆಲಸ. ಹಬ್ಬ ಇಲ್ಲ, ಹುಣ್ಣಿಮಿ ಇಲ್ಲ, ಬರತೀನಿ ಅಂತ ಹೇಳಿ ಕಳಿಸಿದ್ದೂ ಇಲ್ಲ.

ನಮ್ಮ ಕಡಿ ತವರಿಗೆ ಬಂದ ಮಗಳಿಗೆ ಕಾಲಿಗೆ ನೀರು ಕೊಡೂಕಿಂತ ಮೊದಲು ಎರಡು ಮಾತು ಕೇಳತಾರ. ಏನವಾ, ಯಾಕ ಬಂದಿ? ಎಷ್ಟು ದಿನ ಇರತಿ? ಕೆಟ್ಟ ಮನಸಿನಲೆ ಕೇಳೂದಲ್ಲ, ಅದು ಬಾಯಿಗೆ ಹತ್ತಿದ ರೂಢಿ. ಅವ್ವನೂ ಕೇಳಿದ್ಲು. ಮೊದಲನೇದಕ್ಕ ಅಕ್ಕ, "ಸುಮ್ನ ಬಂದೆ" ಅಂದ್ಲು. ಎರಡನೇದಕ್ಕ ಚಪ್ಪಲಿ ಬಿಟ್ಟು ಒಳಗ ಬಂದ್ಲು.

ನನ್ನ ಕಣ್ಣು ಆಕೀ ಮಾರಿ ಮ್ಯಾಲ ಇದ್ದಿದ್ದಿಲ್ಲ, ಚೀಲದ ಮ್ಯಾಲ ಇತ್ತು. ಚೀಲದಾಗ, ಸೀರ್ಯಾಗ ಸುತ್ತಿದ ಒಂದು ಟೇಪ್ ರೆಕಾರ್ಡರ್. ಅದರೊಳಗ ಒಂದು ಕ್ಯಾಸೆಟ್ಟು. ಹೊದಿಕಿ ಇಲ್ಲ, ಹೆಸರಿಲ್ಲ, ನಕಲು ಮಾಡಿಸಿದ್ದು. ಕರೆಂಟು ಹೋಗಿತ್ತು, ಅದಕ್ಕ ಸೆಲ್ಲಿನ ಮ್ಯಾಲ ಹಚ್ಚಿದ್ಲು. ಮೊದಲು ಬರೇ ಗರಗರ. ಆಮ್ಯಾಲ ಒಂದು ತಮಟಿ, ಹಿಂದಿಂದ ಒಂದು ಹೆಣ್ಣಿನ ದನಿ. ಸಿನಿಮಾದಾಗಿನ ಸಣ್ಣ ದನಿ ಅಲ್ಲ. ರೊಟ್ಟಿ ಬಡಿಯೋ ಹೆಂಗಸಿನ ದಪ್ಪ ದನಿ, ನಮ್ಮ ಓಣ್ಯಾಗಿನಾಕಿ ಯಾರೋ ಹಿತ್ತಲದಾಗ ನಿಂತು ಹಾಡಿದಂಗ. ತೆಲುಗು ಹಾಡು, ಎರಡೂ ಬದಿ ಸೇರಿ ಎಂಟು. ನಾನು ಊಟ ಬಿಟ್ಟು ಎಂಟೂ ಕೇಳಿದೆ. ತಿರಗಿ ಮೊದಲಿಂದ ಕೇಳಿದೆ. ಮೈಯಾಗ ಏನೋ ಸೇರಿಕೊಂಡಂಗ ಆತು, ಅದನ್ನ ಈಗ ಹೆಂಗ ಹೇಳಲಿ. ಆ ವಯಸ್ಸಿನ್ಯಾಗ ಒಂದ ಸಲ ಹಂಗ ಆಗತೈತಿ, ಮುಂದ ಆಗಂಗಿಲ್ಲ.

ಅದರಾಗ ಮೂರನೇ ಹಾಡು ಎಲ್ಲದಕ್ಕಿಂತ ಚಲೋ. ತಮಟಿ ಕುಣಿಕುಣಿದು ಬರತಿತ್ತು. "ಊರಿಕೇ ವಚ್ಚಾನಮ್ಮಾ, ಊರಿಕೇ ವಚ್ಚಾನು" ಅಂತ ಪಲ್ಲವಿ.

ಏನಂತಾಳಲೇ ಆಕಿ, ಅಂತ ಅವ್ವ ನನ್ನನ್ನ ಕೇಳಿದ್ಲು. ಅಕ್ಕನ್ನ ಕೇಳಲಿಲ್ಲ, ನನ್ನನ್ನ ಕೇಳಿದ್ಲು. ಯಾಕಂದ್ರ ಟೆಂಟಿನ್ಯಾಗ ನಾಕು ತೆಲುಗು ಸಿನಿಮಾ ನೋಡಿ ಬಂದು, ತೆಲುಗು ಅಂದ್ರ ನನಗ ನೀರು ಕುಡಿದಂಗ ಅಂತ ಇಡೀ ಓಣಿಗೆ ಡಂಗುರ ಹೊಡಕೊಂಡು ತಿರಗತಿದ್ದೆ. ವಚ್ಚಾನು ಅಂದ್ರ ಬಂದೀನಿ, ಅದು ಗೊತ್ತಿತ್ತು. ಊರು ಅಂದ್ರ ಊರು, ಅದರಾಗ ತಿಳಿಯೂದೇನೈತಿ? ಮುಂದ ಕರು ಅಂತಾಳ, ಬೇವಿನ ಗಿಡ ಅಂತಾಳ, ಬಾವಿ ಅಂತಾಳ. ನಾನು ಎದಿ ಉಬ್ಬಿಸಿ ಹೇಳಿದೆ. "ಊರಿಗೇ ಬಂದೀನಿ ಅವ್ವಾ ಅಂತಾಳ. ಗಂಡನ ಮನ್ಯಾಗ ಸುಖವಾಗಿದ್ದಾಕಿ ತವರೂರಿಗೆ ಬಂದು, ಕರು ಹೆಂಗೈತಿ, ಗಿಡ ಹೆಂಗೈತಿ ಅಂತ ಖುಷಿಲೆ ಕೇಳತಾಳ."

ಗಂಡನ ಮನಿ, ಸುಖ, ಇವು ಹಾಡಿನ್ಯಾಗ ಇದ್ದಿದ್ದಿಲ್ಲ. ನಾನ ಸೇರಿಸಿದೆ. ನನ್ನ ಬಾಯಿಗೆ ಮಣ್ಣು ಹಾಕ.

ಅವ್ವನ ಮಾರಿ ಅರಳಿತು. ಹೊತ್ತು ಮುಳುಗೂದ್ರಾಗ ಅಪ್ಪಗ ಹೇಳಿಬಿಟ್ಲು, ಮಗಳು ಸುಖವಾಗಿದಾಳ, ಹಾಡಿನ ಪೆಟ್ಟಿಗಿ ತಗೊಂಡು ಅಡ್ಡಾಡತಾಳ, ನಾವು ಸುಮ್ನ ಚಿಂತಿ ಮಾಡಿದ್ವಿ ಅಂತ. ಅಕ್ಕ ಅಡಿಗಿ ಮನ್ಯಾಗ ಇದ್ಲು.

ಮೂರನೇ ದಿನ ಮತ್ತ ಕರೆಂಟು ಹೋಗಿತ್ತು, ಸೆಲ್ಲೂ ಇಳಿದ್ವು. ಹಲ್ಲಿಲೆ ಕಚ್ಚಿದ್ವಿ, ಮಾಳಗಿ ಮ್ಯಾಲ ಬಿಸಲಿಗೆ ಇಟ್ವಿ, ಆದರೂ ದನಿ ಎಳಿಯಾಕ ಹತ್ತಿತು. ಕುಣಿಯೋ ತಮಟಿ ಕುಂಟಾಕ ಹತ್ತಿತು. ಊ...ರಿ...ಕೇ... ಅಂತ ಒಂದೊಂದ ಅಕ್ಷರ ಹೊತ್ತು ತಂದಂಗ ಹಾಡತಿದ್ಲು. ನಾನು ನಕ್ಕೆ. ಅವ್ವ ಅಕ್ಕಿ ಆರಿಸಿಕೋತ, "ಪಾಪ, ದಣಿದಾಳ ಆಕಿ, ಬಂದ್ ಮಾಡು" ಅಂದ್ಲು. ಅಕ್ಕ ದಡಕ್ಕನ ಎದ್ದು ಹಿತ್ತಲಕ್ಕ ಹೋದ್ಲು. ಎಷ್ಟೋ ಹೊತ್ತು ಒಳಗ ಬರಲಿಲ್ಲ.

ಮರುದಿನ ಅವ್ವ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿದ್ಲು. ಗಂಡ ಒಬ್ಬನ ಇರತಾನ, ಬಾಳ ದಿನ ಬಿಟ್ಟಿರಬಾರದು ಅಂತ ಬುದ್ಧಿ ಹೇಳಿದ್ಲು. ಅಕ್ಕ ಹೂಂ ಅಂದ್ಲು. ಹೊಂಡೂ ಮುಂದ ಟೇಪ್ ರೆಕಾರ್ಡರ್ ನನ್ನ ಕೈಯಾಗ ಇಟ್ಟು, ನಿನಗ ಸೇರೈತಲ್ಲ, ಇಟ್ಕೋ ಅಂದ್ಲು. ನಾನು ಬ್ಯಾಡ ಅಂತ ಬಾಯಿಮಾತಿಗೂ ಅನಲಿಲ್ಲ. ಅಕ್ಕ ಹೋದ್ಲು ಅನ್ನೂದಕ್ಕಿಂತ ಪೆಟ್ಟಿಗಿ ಉಳೀತು ಅನ್ನೂದ ನನಗ ಹೆಚ್ಚಾಗಿತ್ತು.

ಮುಂದಿನ ವರ್ಷ ಸೂಟಿಗೆ ಸಿರುಗುಪ್ಪಕ್ಕ ಹೋಗಿ ಎಂಟು ದಿನ ಇದ್ದೆ. ಭಾವ ಹೊಡಿಯೂ ಮನಷ್ಯಾ ಅಲ್ಲ, ಕುಡಿಯೂ ಮನಷ್ಯಾ ಅಲ್ಲ. ಅಕ್ಕನ ಕೂಡ ಮಾತಾಡತಿದ್ದಿಲ್ಲ, ಅಷ್ಟ. ಯಾವಾಗೋ ಸಾರಿಗೆ ಉಪ್ಪು ಹೆಚ್ಚಾಗಿತ್ತಂತ, ಅವತ್ತಿಂದ ಎರಡು ತಿಂಗಳು ಬಾಯಿ ಬಂದ್. ನನ್ನ ಕೂಡ ನಗತಿದ್ದ, ಆಜೂಬಾಜೂದವರ ಕೂಡ ಹರಟಿ ಹೊಡಿತಿದ್ದ. ಅಕ್ಕ ತಾಟು ಇಟ್ರ ಉಂಡು ಏಳತಿದ್ದ, ಆಕಿ ಅಲ್ಲಿ ನಿಂತೇ ಇಲ್ಲ ಅನ್ನೂವಂಗ. ಆ ಮನ್ಯಾಗ ಆಕಿಗೆ ಇದ್ದ ಒಂದ ದನಿ ಆ ಕ್ಯಾಸೆಟ್ಟಿಂದು. ಅದನ್ನೂ ನಾನು ಇಟಕೊಂಡಿದ್ದೆ. ಅದು ಆಗ ಹೊಳಿಲಿಲ್ಲ ನನಗ. ನಮ್ಮಪ್ಪನಂಗ ಒದರಾಡಂಗಿಲ್ಲ, ಅಕ್ಕ ಪುಣ್ಯ ಮಾಡಿದಾಳ ಅಂದುಕೊಂಡು ವಾಪಸ್ ಬಂದೆ.

ವರ್ಷಗಳು ಹೋದ್ವು. ನನ್ನ ಲಗ್ನ ಆತು, ಬಳ್ಳಾರಿಗೆ ಬಂದೆ, ಮಕ್ಕಳಾದ್ವು, ಯೂನಿಟ್ಟಿಗೆ ಸೇರಿದೆ. ಅಪ್ಪ ಹೋದ, ಹಿಂದಿಂದ ಅವ್ವನೂ ಹೋದ್ಲು.

ಒಂದು ಸೂಟಿ ದಿನ, ಹಿಂದಿನ ದಿನ ಮರೆತು ಬಂದಿದ್ದ ಊಟದ ಡಬ್ಬಿ ತರಾಕ ಯೂನಿಟ್ಟಿಗೆ ಹೋದೆ. ನನ್ನ ಕೂಡ ದಾರ ಕತ್ತರಿಸೂ ತೆಲುಗಿನಾಕಿ ಒಬ್ಬಾಕಿ ಮೆಟ್ಟಿಲ ಮ್ಯಾಲ ಕುಂತಿದ್ಲು. ಸೂಟಿ ದಿನ ಯಾಕ ಬಂದಿ ಅಂದೆ. "ಊರಿಕೇ ವಚ್ಚಾನು" ಅಂದ್ಲು.

"ಯಾವ ಊರಿಗೆ?" ಅಂದೆ.

ಆಕಿ ಹೊಟ್ಟಿ ಹಿಡಕೊಂಡು ನಕ್ಕಳು. ಊರಿಗಲ್ಲ ಮಾರಾಯ್ತಿ, ಊರಿಕೇ ಅಂದ್ರ ಸುಮ್ನ, ಏನೂ ಕಾರಣ ಇಲ್ಲದ ಅಂತ ಹೇಳಿದ್ಲು. ಮನ್ಯಾಗ ಇರಾಕ ಆಗಲಿಲ್ಲ, ಹೋಗಾಕ ಬ್ಯಾರೆ ಕಡಿ ಇಲ್ಲ, ಅದಕ್ಕ ಊರಿಕೇ ಬಂದೆ ಅಂದ್ಲು. ಆಕಿ ಇನ್ನೂ ನಗತಿದ್ಲು. ನನ್ನ ಕಿವ್ಯಾಗ ಆ ಮೂರನೇ ಹಾಡು ತಿರಗಿತು. ಸುಮ್ನ ಬಂದೆ ಅವ್ವಾ, ಸುಮ್ನ ಬಂದೆ. ಕರು ಹೆಂಗೈತಿ ಅಂತಾಳ, ಗಿಡ ಹೆಂಗೈತಿ ಅಂತಾಳ, ತನ್ನದೊಂದು ಬಿಟ್ಟು ಎಲ್ಲಾ ಕೇಳತಾಳ. ಬಾಗಲದಾಗ ಅಕ್ಕ ಅಂದಿದ್ದೂ ಅದ ಮಾತು. ಎರಡು ವರ್ಷ ಸಿರುಗುಪ್ಪದಾಗ ತೆಲುಗು ಮಂದಿ ನಡುವ ಇದ್ದಾಕಿಗೆ ತೆಲುಗು ಬರತಿದ್ದಿಲ್ಲೇನು? ಡಬ್ಬಿ ತಗೊಳ್ಳದ ಮನಿಗೆ ಬಂದೆ. ಹೇಳಬೇಕಂದ್ರ ಅವ್ವ ಇಲ್ಲ. ಅಕ್ಕಗ ಹೇಳಾಕ ಧೈರ್ಯ ಇಲ್ಲ. ಹಿಂಗ ಆರು ವರ್ಷ ಹೋದ್ವು.

ಹೋದ ತಿಂಗಳು ಒಂದು ಮುಂಜಾನೆ ಡಬ್ಬಿ ಕಟಕೊಂಡು ಯೂನಿಟ್ಟಿಗೆ ಹೊಂಟೆ. ಮನ್ಯಾಗ ಜಗಳ ಆಗಿದ್ದಿಲ್ಲ, ಯಾರೂ ಏನೂ ಅಂದಿದ್ದಿಲ್ಲ. ಸಾಕಾಗಿತ್ತು, ಅಷ್ಟ. ಕಾಲು ಬಸ್ ಸ್ಟ್ಯಾಂಡಿಗೆ ಹೋದ್ವು, ಸಿರುಗುಪ್ಪದ ಬಸ್ಸು ಹತ್ತಿದೆ. ಸಿರಿಗೇರಿ ಕ್ರಾಸ್ ದಾಟಿದ ಮ್ಯಾಲ, ನಾನು ಏನು ಮಾಡಾಕ ಹತ್ತೀನಿ ಅಂತ ಒಮ್ಮೆ ಅಂಜಿಕಿ ಬಂತು. ಇಳಿಯೂವಷ್ಟೂ ಕಸುವು ಇದ್ದಿದ್ದಿಲ್ಲ.

ಅಕ್ಕನ ಮನಿ ಬಾಗಲ ತೆರೆದಿತ್ತು. ಭಾವಗ ಈಗ ವಯಸ್ಸಾಗೈತಿ, ನನ್ನ ನೋಡಿ ತಲಿ ಅಲ್ಲಾಡಿಸಿ ಹೊರಗ ಹೋದ. ಏನವಾ, ಯಾಕ ಬಂದಿ ಅಂತ ಅಕ್ಕ ರೂಢಿಲೆ ಕೇಳಿದ್ಲು.

"ಸುಮ್ನ ಬಂದೆ."

ಅಕ್ಕ ನನ್ನ ಮಾರಿ ನೋಡಿದ್ಲು. ಎರಡನೇ ಮಾತು ಕೇಳಲಿಲ್ಲ. ಕೈಯಾಗಿನ ಚೀಲ ಇಸಗೊಂಡು ಒಳಗ ಗೂಟಕ್ಕ ಹಾಕಿದ್ಲು, ಚಾಪಿ ಹಾಸಿದ್ಲು. ನನಗ ತಡಿಯಾಕ ಆಗಲಿಲ್ಲ. ಅಳಕೋತ ಎಲ್ಲಾ ಹೇಳಿಬಿಟ್ಟೆ, ಆ ಹಾಡಿನ ಅರ್ಥ ನಾನು ಅವ್ವಗ ತಪ್ಪು ಹೇಳಿದೆ ಅಂತ.

"ಗೊತ್ತೈತಿ" ಅಂದ್ಲು. "ಅಡಿಗಿ ಮನ್ಯಾಗ ನಿಂತು ಕೇಳಿದೆ. ನನ್ನ ಬಾಯಿಲೆ ಹೇಳಾಕ ಆಗಲಿಲ್ಲ, ಹಾಡಿನಲೆ ಆದರೂ ಅವ್ವಗ ತಿಳೀಲಿ ಅಂತ ಅದನ್ನ ತಂದಿದ್ದೆ."

"ಮತ್ತ ನನ್ನ ಕಪಾಳಕ್ಕ ಹೊಡೆದು ಖರೇ ಅರ್ಥ ಹೇಳಬೇಕಿತ್ತಲ್ಲ?"

"ಅವ್ವ ಅಷ್ಟು ಖುಷಿ ಆಗಿದ್ಲು. ಬಾಯಿ ಬರಲಿಲ್ಲ."

ಆಕಿ ಮ್ಯಾಲ ಸಿಟ್ಟು ಬಂತು, ನನ್ನ ಮ್ಯಾಲ ಇನ್ನೂ ಹೆಚ್ಚು ಬಂತು. ಅಷ್ಟೊತ್ತಿಗೆ ನನ್ನ ಫೋನು ಬಡಕೊಂತು. ಗಂಡಂದು. ಯೂನಿಟ್ಟಿನವರು ಮನಿಗೆ ಫೋನ್ ಹಚ್ಚಿರಬೇಕು. ನಾನು ಕೈ ಚಾಚೂದ್ರಾಗ ಅಕ್ಕ ತಾನ ಎತ್ತಿದ್ಲು.

"ಹೂಂರಿ, ಇಲ್ಲೇ ಅದಾಳ" ಅಂದ್ಲು. "ಇಲ್ಲರಿ, ಯಾವಾಗ ಬರತಾಳಂತ ನಾನು ಕೇಳಿಲ್ಲ. ಕೇಳಂಗೂ ಇಲ್ಲ. ನೀವೂ ಕೇಳಬ್ಯಾಡ್ರಿ."

ಫೋನು ಬಂದ್ ಮಾಡಿ, ದಣಿದಿ, ಮಲಕೋ ಅಂದ್ಲು. ಮಲಕೊಂಡೆ.