ಆಡು ಒಡ್ಡು ಹತ್ತಲಿಲ್ಲ

ನಾನು ಚಿಕ್ಕವಳಿದ್ದಾಗ, ಜೈನಾಪುರದ ನಮ್ಮ ಮನೆಯಲ್ಲಿ, ಬೆಳಗಿನ ಬೀಸುವ ಕಲ್ಲು ನನ್ನ ಪಾಲಿನ ಕೆಲಸ. ಶ್ರಾವಣದ ಒಂದು ದಿನ ಜೋಳ ಬೀಸುತ್ತ ಕುಳಿತಿದ್ದೆ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಅಕ್ಕನ ಮೈದುನ ಮೊಣಕಾಲುದ್ದ ಕೆಸರು ಮೆತ್ತಿಕೊಂಡು ಅವಳ ಗಂಡನ ಊರಾದ ಕಾಖಂಡಕಿಯಿಂದ ನಡೆದು ಬಂದ.

“ವೈನಿ ಹಡದು ಎರಡು ದಿನ ಆತ್ರಿ. ಇನ್ನೂ ಹಾಲು ಇಳಿದಿಲ್ಲ. ಎಮ್ಮಿ ಹಾಲು ಹಾಕಿದ್ರ ಕೂಸು ಕಾರಾಕತ್ತೈತಿ. ಅತ್ತತ್ತು ದನಿನೂ ಹೋಗೈತ್ರಿ. ಆಡಿನ ಹಾಲರ ಬೇಕು,” ಎಂದು ಅಪ್ಪನಿಗೆ ಹೇಳಿದ. ಅವನು ವೈನಿ ಎಂದದ್ದು ನನ್ನ ಅಕ್ಕನಿಗೆ.

ನಮ್ಮ ಆಡು ಆಗಷ್ಟೇ ಈದಿತ್ತು. ಆದರೆ ಅದು ಹಾಲು ಕೊಡುತ್ತಿದ್ದುದು ನನ್ನ ಕೈಗೆ ಮಾತ್ರ. ಬೇರೆ ಯಾರು ಕುಳಿತರೂ ಒದೆಯುತ್ತಿತ್ತು. ಮಳೆಗೆ ಬಸ್ಸೂ ನಿಂತಿತ್ತು. ಮೈದುನ ಸುದ್ದಿ ಮುಟ್ಟಿಸಲು ಮೊದಲೇ ಹಿಂದಿರುಗಿದ. ಅಪ್ಪ ಮರಿಯನ್ನು ಹೆಗಲಿಗೆ ಏರಿಸಿಕೊಂಡ. ಮರಿ ಮುಂದಿದ್ದರೆ ತಾಯಿ ಹಿಂದೆ ಬಂದೇ ಬರುತ್ತದೆ. ನಾನು ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಆಡಿನ ಹಗ್ಗ ಹಿಡಿದು ಹೊರಟೆ.

ನಮ್ಮ ಕಡೆಯ ಎರೆ ಮಣ್ಣು ನೆನೆದರೆ ಕಾಲನ್ನು ಬಿಡುವುದಿಲ್ಲ. ಹತ್ತು ಹೆಜ್ಜೆಗೊಮ್ಮೆ ಕಡ್ಡಿಯಿಂದ ಕೆರೆದು ಹಾಕಬೇಕು. ಹೊಲಗಳ ನಡುವಿನ ಒಡ್ಡು ಮಾತ್ರ ಎತ್ತರವಾಗಿ, ಹುಲ್ಲು ಬೆಳೆದು ಗಟ್ಟಿಯಾಗಿ ಕಾಣುತ್ತಿತ್ತು.

“ಒಡ್ಡು ಹತ್ತಬ್ಯಾಡ, ಮಗಳ,” ಎಂದ ಅಪ್ಪ. “ನೆಲದ ಬಿರುಕಿನ್ಯಾಗೆಲ್ಲ ನೀರು ಹೊಕ್ಕಾವ. ಒಳಗಿದ್ದ ಹುಳಹುಪ್ಪಡಿ ಎಲ್ಲಾ ಅಲ್ಲೇ ಬಂದು ಕುಂತಿರ್ತಾವ.”

ತಲೆಯಾಡಿಸಿದೆ. ಆದರೆ ಅರ್ಧ ದಾರಿಗೆ ತೊಡೆಗಳು ಸೋತವು. ಅಪ್ಪ ಮುಂದೆ ನಡೆದಿದ್ದ. ಅವನಿಗೆ ಕಾಣದಂತೆ ಒಡ್ಡಿನ ಮೇಲೆ ಕಾಲಿಟ್ಟು ಹಗ್ಗ ಎಳೆದೆ. ಆಡು ಬರಲಿಲ್ಲ. ನಾಲ್ಕೂ ಕಾಲು ಊರಿ ಸೀನಿತು. ಸಿಟ್ಟಿನಿಂದ ಮತ್ತೆ ಎಳೆದೆ. ಆಗ ಹುಲ್ಲಿನಿಂದ ಕಮ್ಮಾರನ ತಿದಿ ಊದಿದಂಥ ಸದ್ದು ಬಂತು. ಮಾರುದೂರದಲ್ಲಿ ಕೊಳಕುಮಂಡಲ ಹಾವು ಸುರುಳಿ ಸುತ್ತಿ ಕುಳಿತಿತ್ತು.

ಅಪ್ಪ ತಿರುಗಿದ. “ಎಳೀಬ್ಯಾಡ! ಹಗ್ಗಾನೂ ಬಿಡಬ್ಯಾಡ. ಸಾವಕಾಶ ಹಿಂದಕ್ಕ ಬಾ.”

ಒಂದೊಂದೇ ಹೆಜ್ಜೆ ಹಿಂದಿಟ್ಟು ಕೆಸರಿಗೆ ಇಳಿದೆ. ಹಗ್ಗ ಬಿಡಲಿಲ್ಲ. ಅಪ್ಪ ಹಾವಿನ ಮೇಲೆ ಕೋಲು ಎತ್ತಲಿಲ್ಲ. “ಅದರ ಮನ್ಯಾಗೂ ನೀರು ಹೊಕ್ಕಾವಲ್ಲ, ಪಾಪ,” ಎಂದಷ್ಟೇ ಹೇಳಿ ನಡೆದ. ನಾನು ಬಯ್ಗುಳಕ್ಕೆ ಕಾದಿದ್ದೆ; ಅದು ಬಾರದಿದ್ದುದೇ ಹೆಚ್ಚು ನಾಟಿತು. ಆಮೇಲೆ ಎರಡು ಸಲ ಬಿದ್ದೆ. ಒಂದು ಚಪ್ಪಲಿಯನ್ನು ಕೆಸರು ನುಂಗಿತು. ಒಡ್ಡಿನ ಕಡೆ ಮಾತ್ರ ತಿರುಗಿಯೂ ನೋಡಲಿಲ್ಲ. ದಾರಿಯ ಹಳ್ಳದಲ್ಲಿ ನೀರು ಮೊಣಕಾಲಿನಷ್ಟೇ ಇತ್ತು, ಅದೊಂದು ಪುಣ್ಯ. ನಾವು ಅಕ್ಕನ ಮನೆ ಮುಟ್ಟಿದಾಗ ಕೂಸಿನ ಬಾಯಿ ಇನ್ನೂ ಆಡುತ್ತಿತ್ತು, ಅದು ಇನ್ನೊಂದು.

ನನ್ನ ಅವತಾರ ನೋಡಿ ಅಕ್ಕನ ಅತ್ತೆ, “ಯವ್ವಾ, ನೀ ಆಡು ಹೊಡಕೊಂಡು ಬಂದ್ಯೋ, ಆಡೇ ನಿನ್ನ ಹೊಡಕೊಂಡು ಬಂತೋ?” ಎಂದರು.

“ಆಡೇ ಕರಕೊಂಡು ಬಂತ್ರಿ,” ಎಂದೆ. ಸುಳ್ಳಲ್ಲ.

ಆದರೆ ಹೆದರಿದ ಆಡು ನನಗೂ ಹಾಲು ಬಿಡಲಿಲ್ಲ. ಕೆಚ್ಚಲಿಗೆ ಬಿಸಿನೀರಿನ ಬಟ್ಟೆ ಒತ್ತಿ, ಮೊದಲು ಮರಿಗೆ ಕುಡಿಸಿದೆ. ಶಿವಾ ಶಿವಾ ಎನ್ನುತ್ತ ಮತ್ತೆ ಕುಳಿತೆ. ಚೊರ್ ಎಂದು ತಂಬಿಗೆಗೆ ಧಾರೆ ಬಿತ್ತು. ಕಾಯಿಸಿ, ನೀರು ಬೆರೆಸಿ, ಅರಳೆಯ ಬತ್ತಿಯನ್ನು ಅದರಲ್ಲಿ ಅದ್ದಿ ಕೂಸಿನ ತುಟಿಗೆ ಇಟ್ಟರು. ಕೂಸು ಚೀಪಿತು. ಅಕ್ಕ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಮಕ್ಕಳೇ, ಮಳೆ ಬಂದರೂ ನಿಮ್ಮನ್ನು ಶಾಲೆಗೆ ಕರೆದೊಯ್ಯಲು ವಿಜಯಪುರದ ಈ ಮನೆಯ ಬಾಗಿಲಿಗೇ ವ್ಯಾನು ಬರುತ್ತದೆ. ಹಾಲು ಪಾಕೀಟಿನಲ್ಲಿ ಬರುತ್ತದೆ, ಗುಂಡಿ ಒತ್ತಿದರೆ ಬಿಸಿನೀರು. ಹೀಗೇ ಇರಲಿ, ನಿಮ್ಮ ಹೊಟ್ಟೆ ತಣ್ಣಗಿರಲಿ. ಆ ದಿನ ಕೂಸು ಹೊಟ್ಟೆ ತುಂಬಿ ಮಲಗಿದ ಮೇಲೆ, ನಾನು ಅಕ್ಕನ ಸ್ನಾನಕ್ಕೆ ನೀರು ಕಾಯಿಸಲು ಹಸಿ ಕಟ್ಟಿಗೆ ಊದುತ್ತ ಒಲೆಯ ಮುಂದೆ ಕುಳಿತೆ.